ಹ್ಯಾಕಿಂಗ್‌ಗೂ ಮೊದಲು ನೆಟ್‌ವರ್ಕ್ ಕಲಿಸಿ

2022ರ ನವೆಂಬರ್ 23ರ ಬೆಳಿಗ್ಗೆ ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳು ಕೈಕೊಟ್ಟವು. ಹೊರರೋಗಿಗಳ ನೋಂದಣಿ, ಬಿಲ್ಲು, ಲ್ಯಾಬ್ ವರದಿ, ವಾರ್ಡಿನ ದಾಖಲಾತಿ ಎಲ್ಲವನ್ನೂ ಸಿಬ್ಬಂದಿ ಕಾಗದ, ಪೆನ್ನು ಹಿಡಿದು ಬರೆಯಬೇಕಾಯಿತು. ಈ ಪರದಾಟ ಹೆಚ್ಚುಕಡಿಮೆ ಎರಡು ವಾರ ನಡೆಯಿತು. ಕಡತಗಳಿಗೆ ಬೀಗ ಜಡಿದು ಹಣಕ್ಕೆ ಬೇಡಿಕೆ ಇಡುವ ರ‍್ಯಾನ್ಸಮ್‌ವೇರ್ ದಾಳಿ ಅದು. ಐದು ಸರ್ವರ್‌ಗಳಿಗೆ ಪೆಟ್ಟು ಬಿದ್ದಿದೆ, ಸುಮಾರು 1.3 ಟೆರಾಬೈಟ್ ಮಾಹಿತಿ ದಾಳಿಕೋರರ ಬೀಗಕ್ಕೆ ಸಿಕ್ಕಿದೆ ಎಂದು ಕೇಂದ್ರ ಸರ್ಕಾರ ಆಮೇಲೆ ಸಂಸತ್ತಿಗೆ ತಿಳಿಸಿತು. ಆ ಉತ್ತರದಲ್ಲಿ ಕಾರಣವನ್ನೂ ಹೇಳಿತ್ತು: ಆಸ್ಪತ್ರೆಯ ನೆಟ್‌ವರ್ಕನ್ನು ಸರಿಯಾಗಿ ವಿಭಾಗ ಮಾಡಿರಲಿಲ್ಲ.

ಯಾವುದೋ ಅಜ್ಞಾತ, ಅತಿಸೂಕ್ಷ್ಮ ತಂತ್ರಜ್ಞಾನದ ವೈಫಲ್ಯ ಇದಲ್ಲ. ನೆಟ್‌ವರ್ಕಿಂಗ್ ಕಲಿಯಲು ಹೋದವರು ಮೊದಲ ಕೆಲವು ವಾರಗಳಲ್ಲೇ ಕಲಿಯುವ ಪಾಠ. ಹಳ್ಳಿಯಲ್ಲಿ ಹುಲ್ಲಿನ ಬಣವೆಯನ್ನು ಯಾರೂ ಮನೆಯ ಗೋಡೆಗೆ ತಾಗಿಸಿ ಒಟ್ಟುವುದಿಲ್ಲ. ಒಂದಕ್ಕೆ ಕಿಡಿ ಬಿದ್ದರೆ ಇನ್ನೊಂದಕ್ಕೆ ಹಬ್ಬಬಾರದೆಂಬ ಎಚ್ಚರ ಅದು. ನೆಟ್‌ವರ್ಕಿನಲ್ಲೂ ಅಷ್ಟೇ. ಬಿಲ್ಲಿಂಗ್ ಕೌಂಟರಿನ ಕಂಪ್ಯೂಟರ್ ಒಂದು ವಿಭಾಗದಲ್ಲಿ, ರೋಗಿಗಳ ದಾಖಲೆ ಇರುವ ಸರ್ವರ್ ಇನ್ನೊಂದರಲ್ಲಿ, ಸಂದರ್ಶಕರ ವೈಫೈ ಮತ್ತೊಂದರಲ್ಲಿ ಇರಬೇಕು. ಒಂದರಿಂದ ಇನ್ನೊಂದಕ್ಕೆ ಯಾವ ಮಾಹಿತಿ ಹೋಗಬಹುದು, ಯಾವುದು ಹೋಗಕೂಡದು ಎಂಬುದನ್ನು ನಡುವಿನ ಫೈರ್‌ವಾಲ್ ತೀರ್ಮಾನಿಸಬೇಕು. ವಿಲ್ಯಾನ್ ಎಂದು ಕರೆಯುವ ಈ ವ್ಯವಸ್ಥೆ ಸಾಮಾನ್ಯ ಆಫೀಸ್ ಸ್ವಿಚ್‌ಗಳಲ್ಲೂ ಸಿಗುತ್ತದೆ. ಸೌಲಭ್ಯ ಇರುತ್ತದೆ, ಅದನ್ನು ಕೂತು ಯೋಜಿಸಿ ಜಾರಿ ಮಾಡುವವರು ಇರುವುದಿಲ್ಲ.

2016ರ ಫೆಬ್ರುವರಿಯಲ್ಲಿ ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿನಿಂದ 8.1 ಕೋಟಿ ಡಾಲರ್ ಕಳುವಾದ ಪ್ರಕರಣದ ಒಳಗೂ ಇದೇ ಕಥೆ ಇದೆ. ಬ್ಯಾಂಕಿನಲ್ಲಿ ಫೈರ್‌ವಾಲ್ ಇರಲಿಲ್ಲ, ಹತ್ತು ಡಾಲರ್ ಬೆಲೆಯ ಸೆಕೆಂಡ್ ಹ್ಯಾಂಡ್ ಸ್ವಿಚ್‌ಗಳನ್ನು ಬಳಸಿದ್ದರು ಎಂದು ಅಲ್ಲಿನ ತನಿಖಾಧಿಕಾರಿ ಹೇಳಿದ್ದನ್ನು ರಾಯಿಟರ್ಸ್ ವರದಿ ಮಾಡಿತ್ತು. ಅಂತರರಾಷ್ಟ್ರೀಯ ಹಣ ವರ್ಗಾವಣೆಯ ಕಂಪ್ಯೂಟರ್‌ಗಳನ್ನು ಬ್ಯಾಂಕಿನ ಉಳಿದ ಕಂಪ್ಯೂಟರ್‌ಗಳಿಂದ ಬೇರ್ಪಡಿಸಿರಲಿಲ್ಲ. ಒಳಗೆ ಕಾಲಿಟ್ಟ ಕಳ್ಳರಿಗೆ ಆಮೇಲೆ ತಡೆಯೇ ಸಿಗಲಿಲ್ಲ. ಹಣ ಮನಿಲಾದ ಕ್ಯಾಸಿನೊಗಳ ದಾರಿ ಹಿಡಿಯಿತು.

ಸೈಬರ್ ಭದ್ರತೆಯ ದೊಡ್ಡ ದೊಡ್ಡ ಅನಾಹುತಗಳನ್ನು ಬಿಡಿಸಿ ನೋಡಿದರೆ ತಳದಲ್ಲಿ ಹೀಗೆ ನೆಟ್‌ವರ್ಕಿನ ಪ್ರಾಥಮಿಕ ತಪ್ಪೊಂದು ಸಿಗುವುದು ಅಪರೂಪವೇನಲ್ಲ. ಹೀಗಿದ್ದೂ ಕರ್ನಾಟಕದಲ್ಲಿ ಈ ವೃತ್ತಿಯ ತರಬೇತಿ ತಲೆಕೆಳಗಾಗಿ ಸಾಗುತ್ತಿದೆ. ಹ್ಯಾಕಿಂಗ್ ಮೊದಲು, ನೆಟ್‌ವರ್ಕ್ ಆಮೇಲೆ. ಎಷ್ಟೋ ಕಡೆ ನೆಟ್‌ವರ್ಕ್ ಪಾಠ ಇಲ್ಲವೇ ಇಲ್ಲ. ಇದು ಬದಲಾಗಲೇಬೇಕು.

ಬೆಂಗಳೂರಿನ ಬಿಟಿಎಂ ಲೇಔಟ್, ಮಾರತ್ತಹಳ್ಳಿ, ವಿಜಯನಗರದ ರಸ್ತೆಗಳಲ್ಲಿ ಓಡಾಡಿದರೆ ಕೋಚಿಂಗ್ ಬೋರ್ಡ್‌ಗಳು ಸಾಲುಸಾಲಾಗಿ ಕಾಣುತ್ತವೆ. ಕೆಲವು ಕೇಂದ್ರಗಳು ನಿಜಕ್ಕೂ ಚೆನ್ನಾಗಿ ಕಲಿಸುತ್ತವೆ. ರಾತ್ರಿ ಒಂಬತ್ತರವರೆಗೂ ಲ್ಯಾಬ್ ತೆರೆದಿಡುವ, ಫೀಸನ್ನು ಕಂತಿನಲ್ಲಿ ತೆಗೆದುಕೊಳ್ಳುವ ಮೇಷ್ಟರುಗಳು ಇದ್ದಾರೆ. ಆದರೆ ‘ಮೂರು ತಿಂಗಳಲ್ಲಿ ಎಥಿಕಲ್ ಹ್ಯಾಕರ್’, ‘ನೂರಕ್ಕೆ ನೂರು ಪ್ಲೇಸ್‌ಮೆಂಟ್’ ಎಂಬ ಭರವಸೆಯನ್ನು ಮಾರುವವರು ಅವರಿಗಿಂತ ಜೋರಾಗಿ ಕೂಗುತ್ತಾರೆ. ಕಲಬುರಗಿ, ರಾಯಚೂರು, ಹಾವೇರಿಯಿಂದ ಪದವಿ ಮುಗಿಸಿ ಬಂದ ಹುಡುಗ–ಹುಡುಗಿಯರು ಪಿಜಿಯಲ್ಲಿ ಉಳಿದು, ಮನೆಯವರು ಸಾಲ ಮಾಡಿ ಕಳುಹಿಸಿದ ಹಣ ಕಟ್ಟಿ ಸೇರುತ್ತಾರೆ. ಮೊದಲ ದಿನವೇ ಹ್ಯಾಕಿಂಗ್ ಟೂಲ್‌ಗಳನ್ನು ತುಂಬಿಕೊಂಡ ಕಾಲಿ ಲಿನಕ್ಸ್ ಹಾಕಿಸುತ್ತಾರೆ. ಸಿದ್ಧ ಟೂಲ್‌ಗಳನ್ನು ಒಂದಾದ ಮೇಲೊಂದು ಓಡಿಸಿ ತೋರಿಸುತ್ತಾರೆ. ಪರದೆಯ ಮೇಲೆ ಹಸಿರು ಅಕ್ಷರಗಳು ಓಡುತ್ತವೆ, ತರಗತಿ ಖುಷಿಯಾಗುತ್ತದೆ. ಆ ಟೂಲ್ ಏನು ಕೇಳಿತು, ಎದುರಿನ ಯಂತ್ರ ಏನು ಉತ್ತರ ಕೊಟ್ಟಿತು ಎಂಬುದು ಯಾರಿಗೂ ಗೊತ್ತಾಗುವುದಿಲ್ಲ. ಪರೀಕ್ಷೆ ಹತ್ತಿರ ಬಂದಾಗ ‘ಡಂಪ್’ ಎಂಬ ಕದ್ದ ಪ್ರಶ್ನೆಗಳ ಪಿಡಿಎಫ್ ವಾಟ್ಸ್ಆ್ಯಪ್ ಗುಂಪಿನಲ್ಲಿ ಹರಿದಾಡುತ್ತದೆ. ಅದನ್ನು ಬಾಯಿಪಾಠ ಮಾಡಿ ಸರ್ಟಿಫಿಕೇಟ್ ಪಡೆದವರು ಸಂದರ್ಶನದ ಮೂರನೇ ಪ್ರಶ್ನೆಗೇ ತಡವರಿಸುತ್ತಾರೆ. ಆಗ ಇನ್ನೊಬ್ಬ ಮಧ್ಯವರ್ತಿ ‘ಫೇಕ್ ಎಕ್ಸ್‌ಪೀರಿಯೆನ್ಸ್’ ಪತ್ರ ಕೊಡಿಸುವುದಾಗಿ ಬರುತ್ತಾನೆ. ಹಿನ್ನೆಲೆ ಪರಿಶೀಲನೆಯಲ್ಲಿ ಅದು ಸಿಕ್ಕಿಬಿದ್ದರೆ ವೃತ್ತಿ ಶುರುವಾಗುವ ಮೊದಲೇ ಹೆಸರು ಕೆಡುತ್ತದೆ.

ಒಳ್ಳೆಯ ಪಾಠ ಹೇಗಿರುತ್ತದೆ ಎಂಬುದಕ್ಕೆ ಒಂದು ಸಣ್ಣ ಪ್ರಯೋಗವನ್ನು ಹತ್ತಿರದಿಂದ ನೋಡಬಹುದು. ಸಿಸ್ಕೊದ ಪ್ಯಾಕೆಟ್ ಟ್ರೇಸರ್ ಎಂಬ ಉಚಿತ ತಂತ್ರಾಂಶದಲ್ಲಿ ವಿದ್ಯಾರ್ಥಿನಿಯೊಬ್ಬಳು ಎರಡು ರೌಟರ್‌ಗಳನ್ನು ಎಳೆದು ತಂದು ಕೇಬಲ್ ಜೋಡಿಸುತ್ತಾಳೆ. ಎರಡಕ್ಕೂ ಐಪಿ ವಿಳಾಸ ಕೊಡುತ್ತಾಳೆ. ಇಂಟರ್‌ಫೇಸಿಗೆ ‘ನೋ ಶಟ್‌ಡೌನ್’ ಆದೇಶ ಕೊಡಲು ಮರೆತಿದ್ದರಿಂದ ಕೇಬಲಿನ ತುದಿಯ ಕೆಂಪು ಗುರುತು ಹಸಿರಾಗುವುದಿಲ್ಲ. ಅದನ್ನು ಹುಡುಕಿ ಸರಿಪಡಿಸಲು ಹತ್ತು ನಿಮಿಷ ಹೋಗುತ್ತದೆ. ಆಮೇಲೆ ಒಂದು ರೌಟರಿನಿಂದ ಇನ್ನೊಂದಕ್ಕೆ ಪಿಂಗ್ ಮಾಡುತ್ತಾಳೆ. ರೌಟರ್ ಐದು ಪ್ಯಾಕೆಟ್ ಕಳುಹಿಸುತ್ತದೆ. ಉತ್ತರ ಬಂದ ಪ್ರತಿ ಪ್ಯಾಕೆಟ್ಟಿಗೆ ಒಂದು ಆಶ್ಚರ್ಯಸೂಚಕ ಚಿಹ್ನೆ, ಬಾರದಿದ್ದರೆ ಒಂದು ಚುಕ್ಕಿ. ಪರದೆಯ ಮೇಲೆ ಮೂಡುವುದು ಹೀಗೆ: ಮೊದಲು ಒಂದು ಚುಕ್ಕಿ, ಆಮೇಲೆ ನಾಲ್ಕು ಆಶ್ಚರ್ಯಸೂಚಕಗಳು. ಶೇ 80ರಷ್ಟು ಯಶಸ್ಸು ಎಂದು ಯಂತ್ರ ಹೇಳುತ್ತದೆ. ಮತ್ತೆ ಪಿಂಗ್ ಮಾಡಿದರೆ ಐದಕ್ಕೆ ಐದೂ ಬರುತ್ತವೆ.

ತರಗತಿಯ ಬಹುಪಾಲು ಮಂದಿ ‘ಆಯ್ತು, ಕನೆಕ್ಟ್ ಆಯ್ತು’ ಎಂದು ಮುಂದೆ ಹೋಗುತ್ತಾರೆ. ಮೊದಲನೆಯದು ಯಾಕೆ ಬರಲಿಲ್ಲ ಎಂದು ಯಾರಾದರೂ ಒಬ್ಬರು ಕೇಳಿದರೆ ಮೇಷ್ಟರಿಗೆ ನಿಜವಾದ ಪಾಠದ ಬಾಗಿಲು ತೆರೆಯುತ್ತದೆ. ರೌಟರಿಗೆ ಎದುರಿನವನ ಐಪಿ ವಿಳಾಸ ಗೊತ್ತಿತ್ತು, ಆದರೆ ಕೇಬಲಿನ ಮೇಲೆ ಕಳುಹಿಸಲು ಬೇಕಾದ ಮ್ಯಾಕ್ ವಿಳಾಸ ಗೊತ್ತಿರಲಿಲ್ಲ. ಹಾಗಾಗಿ ಅದು ಮೊದಲ ಪ್ಯಾಕೆಟ್ಟನ್ನು ಕೈಬಿಟ್ಟು ‘ಈ ಐಪಿ ಯಾರದು?’ ಎಂದು ಇಡೀ ಜಾಲಕ್ಕೆ ಕೂಗಿ ಕೇಳಿತು. ಉತ್ತರ ಬಂದ ಮೇಲೆ ಅದನ್ನು ನೆನಪಿನಲ್ಲಿಟ್ಟುಕೊಂಡಿತು. ಉಳಿದ ನಾಲ್ಕು ಸಲೀಸಾಗಿ ಹೋದವು. ಎಆರ್‌ಪಿ ಎಂಬ ಈ ನಿಯಮ 1982ರದ್ದು.

ಇಲ್ಲಿಂದ ಭದ್ರತೆಯ ಪಾಠಕ್ಕೆ ಒಂದೇ ಹೆಜ್ಜೆ. ‘ಈ ಐಪಿ ಯಾರದು?’ ಎಂದು ಕೇಳಿದಾಗ ಬೇರೆ ಯಾರೋ ‘ನನ್ನದು’ ಎಂದು ಸುಳ್ಳು ಹೇಳಿದರೆ? ಎಆರ್‌ಪಿಗೆ ಅದನ್ನು ಪರೀಕ್ಷಿಸುವ ಶಕ್ತಿ ಇಲ್ಲ, ಹೇಳಿದ್ದನ್ನು ನಂಬುತ್ತದೆ. ಹಾಗೆ ಸುಳ್ಳು ಹೇಳಿದವನು ಇಬ್ಬರ ನಡುವೆ ಕೂತು ಎಲ್ಲ ಮಾತನ್ನೂ ಕದ್ದು ಕೇಳಬಹುದು. ಇದಕ್ಕೆ ಎಆರ್‌ಪಿ ಸ್ಪೂಫಿಂಗ್ ಎಂದು ಹೆಸರು, ಅದನ್ನು ತಡೆಯುವ ಸೌಲಭ್ಯ ಒಳ್ಳೆಯ ಸ್ವಿಚ್‌ಗಳಲ್ಲಿದೆ. ಮೊದಲ ಚುಕ್ಕಿಯ ಅರ್ಥ ತಿಳಿದವಳಿಗೆ ಈ ದಾಳಿ ಹೇಗೆ ನಡೆಯುತ್ತದೆ, ಎಲ್ಲಿ ತಡೆಯಬೇಕು ಎಂಬುದು ಐದು ನಿಮಿಷದಲ್ಲಿ ಅರ್ಥವಾಗುತ್ತದೆ. ತಿಳಿಯದವನಿಗೆ ಅದು ಯಾವುದೋ ಟೂಲಿನ ಬಟನ್ ಮಾತ್ರ.

ಸಣ್ಣ ವ್ಯತ್ಯಾಸವನ್ನು ಬೆನ್ನುಹತ್ತುವ ಈ ಗುಣವೇ ವೃತ್ತಿಯ ಮೂಲ ಬಂಡವಾಳ. 1986ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಕ್ಲಿಫರ್ಡ್ ಸ್ಟೋಲ್ ಎಂಬ ಖಗೋಳವಿಜ್ಞಾನಿಗೆ ಕಂಪ್ಯೂಟರ್ ಬಳಕೆಯ ಲೆಕ್ಕದಲ್ಲಿ 75 ಸೆಂಟ್ ವ್ಯತ್ಯಾಸ ಯಾಕೆ ಬಂತು ಎಂದು ಹುಡುಕುವ ಕೆಲಸ ಬಿತ್ತು. ಬಿಡಿಗಾಸಿನ ವಿಷಯ ಎಂದು ಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಸ್ಟೋಲ್ ಬಿಡಲಿಲ್ಲ. ತಿಂಗಳುಗಟ್ಟಲೆ ಫೋನ್ ಲೈನುಗಳಿಗೆ ಪ್ರಿಂಟರ್ ಜೋಡಿಸಿ, ಬಂದುಹೋಗುವ ಪ್ರತಿ ಅಕ್ಷರವನ್ನೂ ಕಾಗದಕ್ಕಿಳಿಸಿ ಕಾದರು. ಆ 75 ಸೆಂಟಿನ ದಾರಿ ಹಿಡಿದು ಹೊರಟಾಗ, ಅಮೆರಿಕದ ಸೇನಾ ಕಂಪ್ಯೂಟರ್‌ಗಳಿಗೆ ನುಗ್ಗಿ ಸೋವಿಯತ್ ಬೇಹುಗಾರರಿಗೆ ಮಾಹಿತಿ ಮಾರುತ್ತಿದ್ದ ಪಶ್ಚಿಮ ಜರ್ಮನಿಯ ಗುಂಪು ಸಿಕ್ಕಿಬಿತ್ತು. ಇಂದಿನಂತೆ ಭದ್ರತೆಯ ಸರ್ಟಿಫಿಕೇಟ್‌ಗಳ ಸಾಲು ಇಲ್ಲದ ಕಾಲ ಅದು.

ಜಾಲದ ತಳಪಾಯ ಗೊತ್ತಿರುವವರು ಎಷ್ಟು ದೊಡ್ಡ ಕಂಪನಿಗೂ ಬೇಕಾಗುತ್ತಾರೆ ಎಂಬುದನ್ನು 2021ರ ಅಕ್ಟೋಬರ್ 4 ತೋರಿಸಿತು. ಅಂದು ಫೇಸ್‌ಬುಕ್, ವಾಟ್ಸ್ಆ್ಯಪ್, ಇನ್‌ಸ್ಟಾಗ್ರಾಂ ಮೂರೂ ಸುಮಾರು ಆರು ಗಂಟೆ ಜಗತ್ತಿನಾದ್ಯಂತ ನಿಂತುಹೋದವು. ಹೊರಗಿನ ಯಾವ ಹ್ಯಾಕರನ ಕೈವಾಡವೂ ಇರಲಿಲ್ಲ. ನಿರ್ವಹಣೆಯ ವೇಳೆ ಕೊಟ್ಟ ಒಂದು ಆದೇಶ ಕಂಪನಿಯ ಡೇಟಾ ಸೆಂಟರ್‌ಗಳನ್ನು ಬೆಸೆಯುವ ಜಾಲವನ್ನೇ ಕತ್ತರಿಸಿತು. ಇಂಥ ಆದೇಶವನ್ನು ತಡೆಯಬೇಕಿದ್ದ ತಪಾಸಣಾ ತಂತ್ರಾಂಶದಲ್ಲೂ ದೋಷವಿತ್ತು. ಡೇಟಾ ಸೆಂಟರ್ ಕೈಗೆ ಸಿಗದಾದಾಗ ವೆಬ್ ಹೆಸರಿಗೆ ಐಪಿ ವಿಳಾಸ ಹೇಳುವ ಫೇಸ್‌ಬುಕ್‌ನ ಡಿಎನ್‌ಎಸ್ ಸರ್ವರ್‌ಗಳು ತಾವು ಇಂಥ ಕಡೆ ಇದ್ದೇವೆ ಎಂದು ಇಂಟರ್‌ನೆಟ್ಟಿಗೆ ಸಾರುವ ಬಿಜಿಪಿ ಪ್ರಕಟಣೆಗಳನ್ನು ಹಿಂದಕ್ಕೆ ಪಡೆದವು. ಹೊರಜಗತ್ತಿಗೆ ಫೇಸ್‌ಬುಕ್ ಎಲ್ಲಿದೆ ಎಂದೇ ಗೊತ್ತಾಗದ ಸ್ಥಿತಿ. ದುರಸ್ತಿಗೆ ಬೇಕಾದ ಒಳಗಿನ ಸಾಧನಗಳೂ ಅದೇ ಜಾಲವನ್ನು ನಂಬಿದ್ದವು. ಎಂಜಿನಿಯರ್‌ಗಳು ಡೇಟಾ ಸೆಂಟರಿಗೇ ಹೋಗಿ, ಬಿಗಿ ಭದ್ರತೆಯನ್ನು ದಾಟಿ, ಯಂತ್ರಗಳ ಮುಂದೆ ಕೂತು ಸರಿಪಡಿಸಬೇಕಾಯಿತು. ಡಿಎನ್‌ಎಸ್, ಬಿಜಿಪಿ ಎರಡೂ 1980ರ ದಶಕದ ನಿಯಮಗಳು. ಹೊಸ ಆ್ಯಪ್‌ಗಳು ಇಂದಿಗೂ ಅವುಗಳ ಮೇಲೇ ನಿಂತಿವೆ. ಹಳೆಯದೆಂದು ಪಠ್ಯದಲ್ಲಿ ಎರಡು ಪುಟಕ್ಕೆ ಮುಗಿಸುವ ವಿಷಯ ಇದಲ್ಲ.

ಇನ್ನು ಉದ್ಯೋಗ. ಸಿನಿಮಾದ ಹ್ಯಾಕರನನ್ನು ಕಲ್ಪಿಸಿಕೊಂಡು ಬರುವ ಯುವಜನರಿಗೆ ಮೊದಲೇ ಇದನ್ನು ಹೇಳಿಬಿಡುವುದು ಒಳ್ಳೆಯದು. ಈ ಕ್ಷೇತ್ರದ ಮೊದಲ ಕೆಲಸ ಸಾಮಾನ್ಯವಾಗಿ ಡೆಸ್ಕ್‌ಟಾಪ್ ಸಪೋರ್ಟ್, ಅಥವಾ ನೆಟ್‌ವರ್ಕ್ ಕಾಯುವ ‘ನಾಕ್’, ಇಲ್ಲವೇ ಭದ್ರತೆ ಕಾಯುವ ‘ಸಾಕ್’ ಕೇಂದ್ರದಲ್ಲಿ ಎಲ್–1, ಅಂದರೆ ಮೊದಲ ಹಂತದ ಹುದ್ದೆ. ಮೂರು ಪಾಳಿ, ವಾರಕ್ಕೊಮ್ಮೆ ಬದಲಾಗುವ ನಿದ್ದೆ. ಪರದೆಯ ಮೇಲೆ ಎಚ್ಚರಿಕೆಗಳು ಒಂದೇ ಸಮನೆ ಬೀಳುತ್ತಿರುತ್ತವೆ, ಬಹುಪಾಲು ಸುಳ್ಳು ಎಚ್ಚರಿಕೆಗಳು. ಯಾರೋ ಪಾಸ್‌ವರ್ಡ್ ಮರೆತು ಆರು ಸಲ ತಪ್ಪಾಗಿ ಒತ್ತಿರುತ್ತಾರೆ. ಅವುಗಳ ನಡುವೆ ರಾತ್ರಿ ಎರಡೂವರೆಗೆ, ಲೆಕ್ಕಪತ್ರ ವಿಭಾಗದ ಒಂದು ಕಂಪ್ಯೂಟರ್ ಆಫೀಸಿನ ಬೇರೆಲ್ಲ ಕಂಪ್ಯೂಟರ್‌ಗಳ 445ನೇ ಪೋರ್ಟನ್ನು ಒಂದೊಂದಾಗಿ ತಟ್ಟುತ್ತಿರುವುದು ಕಂಡರೆ ಅದು ಮಾಮೂಲಲ್ಲ ಎಂದು ಮೈ ಜುಮ್ಮೆನ್ನಬೇಕು. 2017ರ ಮೇ 12ರಂದು ವನ್ನಾಕ್ರೈ ಎಂಬ ರ‍್ಯಾನ್ಸಮ್‌ವೇರ್ ಹಬ್ಬಿದ್ದು ಇದೇ ಪೋರ್ಟಿನ ಮೂಲಕ. ಬ್ರಿಟನ್ನಿನ ಆಸ್ಪತ್ರೆಗಳು ಶಸ್ತ್ರಚಿಕಿತ್ಸೆಗಳನ್ನು ಮುಂದೂಡಿದವು. ನೆರೆಯ ಆಂಧ್ರಪ್ರದೇಶದ ಪೊಲೀಸ್ ಕಂಪ್ಯೂಟರ್‌ಗಳಿಗೂ ಅದು ತಗುಲಿತ್ತು. ಅದು ಬಳಸಿಕೊಂಡ ವಿಂಡೋಸ್ ದೋಷಕ್ಕೆ ಮೈಕ್ರೊಸಾಫ್ಟ್ ಮಾರ್ಚ್‌ನಲ್ಲೇ ಪ್ಯಾಚ್ ಕೊಟ್ಟಿತ್ತು; ಹಾಕಿಕೊಳ್ಳದವರು ಹೊಡೆತ ತಿಂದರು. ಪೋರ್ಟ್ ಎಂದರೇನು, ಒಂದು ಕಂಪ್ಯೂಟರ್ ಇನ್ನೊಂದರ ಜೊತೆ ಯಾವಾಗ ಮಾತಾಡುವುದು ಸಹಜ, ಯಾವಾಗ ಅಸಹಜ ಎಂಬ ಅಂದಾಜಿಲ್ಲದ ಎಲ್–1 ಉದ್ಯೋಗಿ ಆ ಎಚ್ಚರಿಕೆಯನ್ನೂ ಉಳಿದವುಗಳ ಜೊತೆಗೇ ಮುಚ್ಚಿಬಿಡುತ್ತಾನೆ.

ಆರಂಭದ ಸಂಬಳದಲ್ಲಿ ಬೆಂಗಳೂರಿನ ಬಾಡಿಗೆ, ಊಟ ಕಳೆದರೆ ಕೈಯಲ್ಲಿ ಹೆಚ್ಚೇನೂ ಉಳಿಯುವುದಿಲ್ಲ. ಆದರೆ ಎರಡು ಮೂರು ವರ್ಷ ಶ್ರದ್ಧೆಯಿಂದ ಈ ಕಾವಲು ಕೆಲಸ ಮಾಡಿದವರಿಗೆ ಫೈರ್‌ವಾಲ್, ಕ್ಲೌಡ್ ಭದ್ರತೆ, ದಾಳಿಯ ತನಿಖೆಯಂಥ ಮುಂದಿನ ದಾರಿಗಳು ತೆರೆಯುತ್ತವೆ. ಮೇಲಕ್ಕೆ ಹೋದಷ್ಟೂ ಜನ ಕಡಿಮೆ, ಬೇಡಿಕೆ ಜಾಸ್ತಿ.

ಸರ್ಟಿಫಿಕೇಟ್‌ಗಳನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಸಣ್ಣ ಊರಿನ ಕಾಲೇಜಿನಲ್ಲಿ ಓದಿ, ಶಿಫಾರಸು ಮಾಡುವ ಸಂಬಂಧಿಕರಿಲ್ಲದ ಹುಡುಗಿಗೆ 1998ರಿಂದ ನಡೆದುಬಂದಿರುವ ಸಿಸ್ಕೊದ ಸಿಸಿಎನ್‌ಎ ಒಂದು ಗುರುತಿನ ಚೀಟಿ. ಅದಕ್ಕಾಗಿ ಓದುವವರು ಸಬ್‌ನೆಟ್ ಲೆಕ್ಕವನ್ನು ಬೆರಳ ತುದಿಯಲ್ಲಿ ಇಟ್ಟುಕೊಳ್ಳಲೇಬೇಕು. ಪರೀಕ್ಷಾ ಶುಲ್ಕ 300 ಡಾಲರ್, ಅಂದರೆ ಇಪ್ಪತ್ತೈದು ಸಾವಿರ ರೂಪಾಯಿಗೂ ಹೆಚ್ಚು. ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕು. ಇಷ್ಟು ಹಣ ಸುರಿಯುವ ಮೊದಲು ಯಾವ ಸರ್ಟಿಫಿಕೇಟ್ ಏನನ್ನು ಅಳೆಯುತ್ತದೆ ಎಂದು ತಿಳಿದಿರಬೇಕು. ಸಿಐಎಸ್‌ಎಸ್‌ಪಿ ಎಂಬ ಹೆಸರಾಂತ ಸರ್ಟಿಫಿಕೇಟನ್ನು ಪೂರ್ತಿಯಾಗಿ ಪಡೆಯಲು ಪರೀಕ್ಷೆ ಪಾಸಾದರೆ ಸಾಲದು, ಐದು ವರ್ಷದ ಅನುಭವ ಬೇಕು. ಸಂಬಂಧಪಟ್ಟ ಪದವಿ ಇದ್ದರೆ ಒಂದು ವರ್ಷದ ರಿಯಾಯಿತಿ. ಆಗತಾನೆ ಕಾಲೇಜು ಮುಗಿಸಿದವರಿಗೆ ಅದನ್ನು ಮಾರುವವರು ಅವರ ಹಣವನ್ನು ನೀರಿಗೆ ಹಾಕಿಸುತ್ತಿದ್ದಾರೆ. ಒಳನುಗ್ಗುವ ಕೌಶಲವನ್ನು ಅಳೆಯುವ ಒಎಸ್‌ಸಿಪಿಯ ರೀತಿಯೇ ಬೇರೆ. ಅಲ್ಲಿ ಆಯ್ಕೆಯ ಉತ್ತರಗಳಿಲ್ಲ. 23 ಗಂಟೆ 45 ನಿಮಿಷದಲ್ಲಿ ಪರೀಕ್ಷೆಗೆಂದು ಕಟ್ಟಿದ ಯಂತ್ರಗಳೊಳಗೆ ನಿಜವಾಗಿ ನುಗ್ಗಿ ತೋರಿಸಬೇಕು. ಆಮೇಲೆ 24 ಗಂಟೆಯೊಳಗೆ, ಏನು ಮಾಡಿದೆ, ಹೇಗೆ ಮಾಡಿದೆ ಎಂಬ ವರದಿ ಬರೆದು ಕೊಡಬೇಕು. ಒಳನುಗ್ಗುವುದು ಬಂದು ವರದಿ ಬರೆಯಲು ಬಾರದಿದ್ದರೆ ಪ್ರಯೋಜನವಿಲ್ಲ. ಸ್ಪಷ್ಟವಾಗಿ ಬರೆಯುವುದನ್ನು ನಮ್ಮ ತರಬೇತಿ ಕೇಂದ್ರಗಳಲ್ಲಿ ಯಾರೂ ಕಲಿಸುವುದೇ ಇಲ್ಲ ಎನ್ನಬಹುದು.

ಕಾನೂನಿನ ಪಾಠವೂ ಇಷ್ಟೇ ಮುಖ್ಯ, ಅದು ಮೊದಲ ವಾರದಲ್ಲೇ ಆಗಬೇಕು. ಟೂಲ್ ಕೈಗೆ ಬಂದ ಹುಮ್ಮಸ್ಸಿನಲ್ಲಿ ಪಕ್ಕದ ಮನೆಯ ವೈಫೈ, ತಮ್ಮದೇ ಕಾಲೇಜಿನ ಫಲಿತಾಂಶದ ಪುಟ, ಊರಿನ ಸಹಕಾರ ಬ್ಯಾಂಕಿನ ವೆಬ್‌ಸೈಟ್ ಮೇಲೆ ಪ್ರಯೋಗ ಮಾಡುವವರಿದ್ದಾರೆ. ‘ದೋಷ ಹುಡುಕಿ ಅವರಿಗೇ ಹೇಳೋಣ ಅಂತಿದ್ದೆ’ ಎಂಬ ಸಮಜಾಯಿಷಿ ಪೊಲೀಸ್ ಠಾಣೆಯಲ್ಲಿ ನಡೆಯುವುದಿಲ್ಲ. ಮಾಲೀಕರ ಅನುಮತಿ ಇಲ್ಲದೆ ಒಳಹೊಕ್ಕು ಹಾಗೆ ಕೈಯಾಡಿಸಿದ್ದು ಅಪ್ರಾಮಾಣಿಕ ಅಥವಾ ಮೋಸದ ಉದ್ದೇಶದಿಂದ ಎಂದು ಸಾಬೀತಾದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಸೆಕ್ಷನ್‌ಗಳ ಅಡಿ ಮೂರು ವರ್ಷದವರೆಗೆ ಜೈಲು, ಐದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಒಂದು ಎಫ್‌ಐಆರ್ ಇದ್ದವರನ್ನು ಬ್ಯಾಂಕಿನ ಭದ್ರತೆಗೆ ಯಾರು ತೆಗೆದುಕೊಳ್ಳುತ್ತಾರೆ?

ಅಭ್ಯಾಸಕ್ಕೆ ನ್ಯಾಯವಾದ ದಾರಿಗಳು ಬೇಕಾದಷ್ಟಿವೆ, ಹೆಚ್ಚಿನವು ಉಚಿತ. ಜಾಲದಲ್ಲಿ ಹರಿಯುವ ಪ್ರತಿ ಪ್ಯಾಕೆಟ್ಟನ್ನು ಬಿಚ್ಚಿ ತೋರಿಸುವ ವೈರ್‌ಶಾರ್ಕ್‌ಗೆ ಹಣ ಕೊಡಬೇಕಿಲ್ಲ. ‘ಓವರ್‌ದವೈರ್’ನ ‘ಬ್ಯಾಂಡಿಟ್’ ಆಟ ಲಿನಕ್ಸ್ ಆದೇಶಗಳನ್ನು ಒಂದೊಂದೇ ಮೆಟ್ಟಿಲಾಗಿ ಕಲಿಸುತ್ತದೆ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರ ‘ಪಿಕೊಸಿಟಿಎಫ್’ ಸ್ಪರ್ಧೆಗಳು ಪ್ರೌಢಶಾಲೆಯ ಮಕ್ಕಳಿಗೂ ಎಟಕುತ್ತವೆ. ಐಐಟಿ ಪ್ರಾಧ್ಯಾಪಕರ ನೆಟ್‌ವರ್ಕ್ ಪಾಠಗಳು ಎನ್‌ಪಿಟಿಇಎಲ್‌ನಲ್ಲಿ ಸಿಗುತ್ತವೆ. ಹಳೆಯ ಲ್ಯಾಪ್‌ಟಾಪ್ ಒಂದು, ತಡೆದು ತಡೆದು ಬಂದರೂ ಸರಿ, ಇಂಟರ್‌ನೆಟ್ ಒಂದಿದ್ದರೆ ಶುರುಮಾಡಬಹುದು. ಇಷ್ಟೆಲ್ಲ ಇದ್ದೂ ಜಿಲ್ಲೆಗಳ ವಿದ್ಯಾರ್ಥಿಗಳು ಬೆಂಗಳೂರಿನ ಕೋಚಿಂಗಿಗೆ ಯಾಕೆ ಓಡುತ್ತಾರೆ? ಎದುರು ಕೂತು ತಪ್ಪು ತಿದ್ದುವ, ‘ಅಲ್ಲಮ್ಮ, ನಿನ್ನ ಗೇಟ್‌ವೇ ವಿಳಾಸ ನೋಡು’ ಎಂದು ತೋರಿಸುವ ಮನುಷ್ಯ ಊರಿನಲ್ಲಿ ಸಿಗುವುದಿಲ್ಲ.

ಆ ಮನುಷ್ಯ ಕನ್ನಡದಲ್ಲಿ ವಿವರಿಸಬೇಕು. ಆದೇಶಗಳು, ಪರಿಭಾಷೆ, ಪರೀಕ್ಷೆ ಎಲ್ಲವೂ ಇಂಗ್ಲಿಷಿನಲ್ಲೇ ಇರುತ್ತವೆ, ಇರಲಿ. ರೌಟರ್, ಸ್ವಿಚ್, ಪ್ಯಾಕೆಟ್ ಎಂಬ ಪದಗಳನ್ನು ಮಕ್ಕಳು ಸಲೀಸಾಗಿ ಬಳಸುತ್ತಾರೆ. ಸಿಕ್ಕಿಹಾಕಿಕೊಳ್ಳುವುದು ಕಾರಣಗಳಲ್ಲಿ. ಒಂದು ಪ್ಯಾಕೆಟ್ ಈ ದಾರಿ ಬಿಟ್ಟು ಆ ದಾರಿ ಯಾಕೆ ಹಿಡಿಯಿತು, ಫೈರ್‌ವಾಲಿನಲ್ಲಿ ಈ ನಿಯಮ ಮೇಲಿದ್ದರೆ ಕೆಳಗಿನದು ಯಾಕೆ ಕೆಲಸ ಮಾಡುವುದಿಲ್ಲ ಎಂಬುದನ್ನು ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿದ ಹುಡುಗನಿಗೆ ಕನ್ನಡದಲ್ಲೇ ಹೇಳಿದರೆ ಅವನು ತಿರುಗಿ ಪ್ರಶ್ನೆ ಕೇಳುತ್ತಾನೆ. ಇಂಗ್ಲಿಷಿನಲ್ಲಿ ಹೇಳಿದರೆ ತಲೆಯಾಡಿಸಿ ಬರೆದುಕೊಳ್ಳುತ್ತಾನೆ. ಯೂಟ್ಯೂಬ್‌ನಲ್ಲಿ ಹಿಂದಿ, ತೆಲುಗು, ತಮಿಳಿನ ಸಿಸಿಎನ್‌ಎ ಪಾಠಗಳು ಧಾರಾಳವಾಗಿ ಸಿಗುತ್ತವೆ. ಕನ್ನಡದಲ್ಲಿ ಮೊದಲಿನಿಂದ ಕೊನೆಯವರೆಗೆ ಕ್ರಮವಾಗಿ ಸಾಗುವ ಪಾಠ ಹುಡುಕಲು ಕಷ್ಟಪಡಬೇಕು. ದೇಶದ ಐಟಿ ರಾಜಧಾನಿ ಇರುವ ರಾಜ್ಯದ ಭಾಷೆಗೆ ಈ ಸ್ಥಿತಿ ಬರಬಾರದಿತ್ತು. ಇಲ್ಲಿನ ಕಂಪನಿಗಳಲ್ಲಿ ಹದಿನೈದು, ಇಪ್ಪತ್ತು ವರ್ಷ ಕೆಲಸ ಮಾಡಿದ ಕನ್ನಡಿಗ ನೆಟ್‌ವರ್ಕ್ ಎಂಜಿನಿಯರ್‌ಗಳು ವಾರಕ್ಕೊಂದು ಗಂಟೆ ಕೊಟ್ಟರೂ ಈ ಕೊರತೆ ಬೇಗ ತುಂಬುತ್ತದೆ.

ಕಲಿತವರಿಗೆ ಕೆಲಸ ಬೆಂಗಳೂರಿನಲ್ಲೇ ಇರಬೇಕೆಂದೇನಿಲ್ಲ. 2025ರ ಜನವರಿಯಲ್ಲಿ ಆಸ್ತಿ ನೋಂದಣಿಯ ಕಾವೇರಿ 2.0 ತಂತ್ರಾಂಶದ ಮೇಲೆ ಡಿಡಾಸ್ ದಾಳಿ ನಡೆಯಿತು. ನಕಲಿ ಖಾತೆಗಳನ್ನು ತೆರೆದು, ಋಣಭಾರ ಪ್ರಮಾಣಪತ್ರ ಹುಡುಕುವ ಸೌಲಭ್ಯದ ಮೇಲೆ ಸುಳ್ಳು ಕೋರಿಕೆಗಳ ಮಳೆ ಸುರಿಸಿ ಸರ್ವರನ್ನು ಉಸಿರುಗಟ್ಟಿಸಿದರು. ನೋಂದಣಿ ಕುಂಟಿತು. ಪಹಣಿಯಿಂದ ಪಿಂಚಣಿಯವರೆಗೆ ಸರ್ಕಾರದ ಹೆಚ್ಚಿನ ಸೇವೆಗಳು ಈಗ ಆನ್‌ಲೈನ್. 2000ದ ದಶಕದ ಆರಂಭದಲ್ಲೇ ‘ಭೂಮಿ’ ಯೋಜನೆಯ ಮೂಲಕ ಜಮೀನಿನ ದಾಖಲೆಯನ್ನು ಕಂಪ್ಯೂಟರಿಗೆ ತಂದ ರಾಜ್ಯ ಇದು. ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ 2001ರಲ್ಲಿ ತೆರೆದದ್ದೂ ಬೆಂಗಳೂರಿನಲ್ಲೇ. ರಾಜಧಾನಿಯಿಂದ ಜಿಲ್ಲೆ, ತಾಲ್ಲೂಕುಗಳಿಗೆ ಸರ್ಕಾರದ್ದೇ ಕೆಸ್ವಾನ್ ಜಾಲವಿದೆ. ತಾಲ್ಲೂಕು ಕಚೇರಿಯಲ್ಲಿ ಆ ಕೇಬಲ್ ಬಂದು ಸೇರುವ ರ‍್ಯಾಕಿನ ಪಕ್ಕ ಹಳೆಯ ಕಡತದ ಗಂಟುಗಳು, ಪೊರಕೆ ಇರುವುದು ಹೊಸ ನೋಟವೇನಲ್ಲ. ಅದನ್ನು ನೋಡಿಕೊಳ್ಳಲು ಜಾಲ ಬಲ್ಲ ಕಾಯಂ ಹುದ್ದೆ ಎಷ್ಟೋ ಕಡೆ ಇರುವುದಿಲ್ಲ. ಗುತ್ತಿಗೆ ಡೇಟಾ ಎಂಟ್ರಿ ಆಪರೇಟರೇ ಆಪದ್ಬಾಂಧವ.

ದೇಶದ ಕಂಪ್ಯೂಟರ್ ತುರ್ತು ಪ್ರತಿಕ್ರಿಯಾ ಸಂಸ್ಥೆ ಸರ್ಟ್‌–ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ ಸೈಬರ್ ದಾಳಿ ಗಮನಕ್ಕೆ ಬಂದ ಆರು ಗಂಟೆಯೊಳಗೆ ವರದಿ ಮಾಡಬೇಕು, ವ್ಯವಸ್ಥೆಯ ಲಾಗ್‌ಗಳನ್ನು 180 ದಿನ ಕಾಪಾಡಬೇಕು. ಪಟ್ಟಣದ ಪತ್ತಿನ ಸಹಕಾರ ಬ್ಯಾಂಕು, ನೂರು ಹಾಸಿಗೆಯ ಆಸ್ಪತ್ರೆ, ಎಂಜಿನಿಯರಿಂಗ್ ಕಾಲೇಜು ಇದನ್ನು ಪಾಲಿಸಬೇಕಾದರೆ ಲಾಗ್ ಎಂದರೇನೆಂದು ತಿಳಿದ ಒಬ್ಬರಾದರೂ ಬೇಕಲ್ಲವೇ? 2018ರಲ್ಲಿ ಪುಣೆಯ ಕಾಸ್ಮೊಸ್ ಸಹಕಾರ ಬ್ಯಾಂಕ್ ಎರಡೇ ದಿನದ ದಾಳಿಯಲ್ಲಿ ಸುಮಾರು 94 ಕೋಟಿ ರೂಪಾಯಿ ಕಳೆದುಕೊಂಡದ್ದು ಕರ್ನಾಟಕದ ಸಹಕಾರ ವಲಯಕ್ಕೆ ದೂರದ ಸುದ್ದಿ ಆಗಬಾರದು. ಪ್ರತಿ ತಾಲ್ಲೂಕಿಗೊಬ್ಬ ನೆಟ್‌ವರ್ಕ್ ನಿರ್ವಾಹಕ, ಪ್ರತಿ ಜಿಲ್ಲೆಗೊಂದು ಸಣ್ಣ ಭದ್ರತಾ ತಂಡ ಎಂದು ಸರ್ಕಾರ ಹುದ್ದೆ ಸೃಷ್ಟಿಸಿದರೆ ಯಾದಗಿರಿಯ ಡಿಪ್ಲೊಮಾ ಹುಡುಗಿ ಊರು ಬಿಡದೆ ಈ ವೃತ್ತಿಗೆ ಬರಬಹುದು.

2024ರ ಆಗಸ್ಟ್‌ನಲ್ಲಿ ರಾಜ್ಯ ಸರ್ಕಾರ ಸೈಬರ್ ಭದ್ರತಾ ನೀತಿಯನ್ನು ಬಿಡುಗಡೆ ಮಾಡಿತು. 40,000 ಮಂದಿಗೆ ತರಬೇತಿ ಕೊಡಲು ಸಿಸ್ಕೊ ಜೊತೆ ಒಪ್ಪಂದವನ್ನೂ ಮಾಡಿಕೊಂಡಿತು. ಒಳ್ಳೆಯ ಹೆಜ್ಜೆ. ಆದರೆ ಆನ್‌ಲೈನ್ ಪಾಠ ನೋಡಿ ಮುಗಿಸಿದವರ ಲೆಕ್ಕ ಒಂದು, ಕೆಟ್ಟ ನೆಟ್‌ವರ್ಕನ್ನು ಕೂತು ಸರಿಪಡಿಸಬಲ್ಲವರ ಲೆಕ್ಕ ಇನ್ನೊಂದು. ಎರಡನೆಯ ಲೆಕ್ಕ ಹೆಚ್ಚಬೇಕಾದರೆ ಸರ್ಕಾರಿ ಪಾಲಿಟೆಕ್ನಿಕ್‌ಗಳಲ್ಲಿ, ಕಂಪ್ಯೂಟರ್ ಆಪರೇಟರ್ ತರಬೇತಿಯ ಕೋಪಾ ಟ್ರೇಡ್ ಇರುವ ಐಟಿಐಗಳಲ್ಲಿ ಕೈಯಲ್ಲಿ ಮುಟ್ಟಿ ಕಲಿಯುವ ಲ್ಯಾಬ್ ಬೇಕು. ನಾಲ್ಕು ಸ್ವಿಚ್, ಮೂರು ರೌಟರ್, ಒಂದು ಫೈರ್‌ವಾಲ್, ಕ್ರಿಂಪಿಂಗ್ ಟೂಲ್, ಒಂದು ಡಬ್ಬಿ ಆರ್‌ಜೆ–45 ಕನೆಕ್ಟರ್ ಇದ್ದರೆ ಶುರು. ಎಂಟು ತಂತಿಗಳನ್ನು ಬಣ್ಣದ ಕ್ರಮದಲ್ಲಿ ಜೋಡಿಸಿ, ಕನೆಕ್ಟರಿಗೆ ತೂರಿಸಿ, ಒತ್ತಿ, ಟೆಸ್ಟರಿನಲ್ಲಿ ಎಂಟೂ ದೀಪ ಹತ್ತುವವರೆಗೆ ಮತ್ತೆ ಮತ್ತೆ ಕತ್ತರಿಸಿ ಕಲಿಯುವ ಕೆಲಸವನ್ನು ಯಾವ ವಿಡಿಯೊವೂ ಕಲಿಸುವುದಿಲ್ಲ.

ಈ ಸಾಮಾನುಗಳಿಗೆ ದೊಡ್ಡ ಟೆಂಡರ್ ಬೇಕಿಲ್ಲ. ಬೆಂಗಳೂರಿನ ಕಂಪನಿಗಳು, ಬ್ಯಾಂಕುಗಳು, ಸರ್ಕಾರಿ ಇಲಾಖೆಗಳು ಹಳೆಯ ಸ್ವಿಚ್, ರೌಟರ್‌ಗಳನ್ನು ಬದಲಿಸುತ್ತಲೇ ಇರುತ್ತವೆ. ಕೆಲಸಕ್ಕೆ ಹಳತಾದರೂ ಕಲಿಕೆಗೆ ಚೆನ್ನಾಗಿಯೇ ಇರುವ ಈ ಪೆಟ್ಟಿಗೆಗಳು ಹರಾಜಾಗಿ ಎಸ್‌ಪಿ ರಸ್ತೆಯ ಅಂಗಡಿಗಳಿಗೋ ಇ–ತ್ಯಾಜ್ಯದ ಗೋದಾಮಿಗೋ ಹೋಗುತ್ತವೆ. ಅದಕ್ಕೂ ಮೊದಲು ಪಾಲಿಟೆಕ್ನಿಕ್‌ಗಳಿಗೆ ಕೇಳುವ ಹಕ್ಕು ಕೊಡುವ ಒಂದು ಸುತ್ತೋಲೆಯನ್ನು ತಾಂತ್ರಿಕ ಶಿಕ್ಷಣ ಇಲಾಖೆ ಮತ್ತು ಐಟಿ–ಬಿಟಿ ಇಲಾಖೆ ಸೇರಿ ತರಬಹುದು. ಕೊಡುವವರು ಒಂದು ಎಚ್ಚರ ವಹಿಸಬೇಕು. ಭದ್ರತಾ ಕಂಪನಿ ಇಸೆಟ್‌ನ ಸಂಶೋಧಕರು ಸೆಕೆಂಡ್ ಹ್ಯಾಂಡ್ ರೌಟರ್‌ಗಳನ್ನು ಕೊಂಡು ಪರೀಕ್ಷಿಸಿ 2023ರಲ್ಲಿ ಪ್ರಕಟಿಸಿದ ವರದಿಯಂತೆ, ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳೊಳಗೆ ಹಿಂದಿನ ಮಾಲೀಕರ ಸೂಕ್ಷ್ಮ ಮಾಹಿತಿ ಅಳಿಸದೆ ಉಳಿದಿತ್ತು. ಅದನ್ನು ಹಿಡಿದು ಇಡೀ ಸಂಸ್ಥೆಯ ಜಾಲದ ನಕ್ಷೆಯನ್ನೇ ಬಿಡಿಸಬಹುದಿತ್ತು. ಹಾಗಾಗಿ ಪೆಟ್ಟಿಗೆ ಸಂಸ್ಥೆಯ ಬಾಗಿಲು ದಾಟುವ ಮೊದಲೇ ಅದರ ಕಾನ್ಫಿಗರೇಷನ್ ಅಳಿಸುವ ಕೆಲಸ ಅಲ್ಲಿನ ಎಂಜಿನಿಯರುಗಳ ಸಮ್ಮುಖದಲ್ಲಿ ಆಗಬೇಕು, ಪಾಲಿಟೆಕ್ನಿಕ್‌ನ ವಿದ್ಯಾರ್ಥಿಗಳನ್ನು ಕರೆಸಿ ಅವರ ಕೈಯಿಂದಲೇ ಅದನ್ನು ಮಾಡಿಸಬೇಕು.